ಬೀಳುವ ಕನಸು, ಕಾಣುವ ಕನಸು

ಕನಸಿಗೆ ನಾವು ಎರಡು ಕ್ರಿಯಾಪದ ಬಳಸುತ್ತೇವೆ. ‘ರಾತ್ರಿ ಒಂದು ಕನಸು ಬಿತ್ತು’ ಅನ್ನುತ್ತೇವೆ, ‘ಕನಸು ಕಂಡೆ’ ಅಂತಲೂ ಅನ್ನುತ್ತೇವೆ. ಮೊದಲನೆಯದು ಮಳೆ ಬಿದ್ದ ಹಾಗೆ, ಪೆಟ್ಟು ಬಿದ್ದ ಹಾಗೆ. ಅಲ್ಲಿ ನಮಗೇನೂ ಕೆಲಸವಿಲ್ಲ, ತಲೆಯೊಡ್ಡಿದರಾಯಿತು. ಎರಡನೆಯದರಲ್ಲಿ ಕಾಣುವವರು ಒಬ್ಬರು ಇದ್ದಾರೆ. ಬೀಳುವ ಕನಸನ್ನು ಕಾಣುವ ಕನಸು ಮಾಡಿಕೊಳ್ಳುವುದು ಹೇಗೆ ಅನ್ನುವುದೇ ಇವತ್ತಿನ ವಿಷಯ. ಇಂಗ್ಲಿಷಿನವರು ಲೂಸಿಡ್ ಡ್ರೀಮ್ ಅನ್ನುತ್ತಾರೆ. ನಿದ್ದೆ ಕೆಡದೆ, ಕನಸು ನಡೆಯುತ್ತಿರುವಾಗಲೇ, ‘ಓ, ಇದು ಕನಸು’ ಅಂತ ಗೊತ್ತಾಗುವುದು. ನಾನು ಅರಿವಿನ ಕನಸು ಅಂತ ಕರೆಯುತ್ತೇನೆ. ನಿಮಗೆ ಇದಕ್ಕಿಂತ ಚೆನ್ನಾದ ಹೆಸರು ಹೊಳೆದರೆ ಆಮೇಲೆ ಹೇಳಿ, ಬದಲಾಯಿಸಿಕೊಳ್ಳೋಣ.

ಒಮ್ಮೆಯಾದರೂ ಹಾಗೆ ಆದವರು ಕೈ ಎತ್ತಿ. ಸರಿ, ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಇದ್ದೀರಿ. ಹಲವು ದಶಕಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಒಂದು ವಿಶ್ಲೇಷಣೆ ಬಂತು. ಅದರಲ್ಲೂ ಲೆಕ್ಕ ಹೆಚ್ಚುಕಡಿಮೆ ಇಷ್ಟೇ: ಜೀವನದಲ್ಲಿ ಒಮ್ಮೆಯಾದರೂ ಆದವರು ಶೇ 55, ತಿಂಗಳಿಗೊಮ್ಮೆಯೋ ಅದಕ್ಕಿಂತ ಹೆಚ್ಚೋ ಆಗುವವರು ಶೇ 23. ಅಂದರೆ ಇದು ಸಿದ್ಧರಿಗೆ, ಸಾಧಕರಿಗೆ ಮಾತ್ರ ದಕ್ಕುವ ವಿದ್ಯೆಯೇನಲ್ಲ. ಆಗೊಮ್ಮೆ ಈಗೊಮ್ಮೆ ತಾನಾಗಿ ಆಗುವುದನ್ನು ಬೇಕೆಂದಾಗ ಆಗುವ ಹಾಗೆ ಮಾಡಿಕೊಳ್ಳುವುದಷ್ಟೇ ನಮ್ಮ ಕೆಲಸ. ಅಷ್ಟೇ ಅಂದೆ, ಆದರೆ ಆ ‘ಅಷ್ಟೇ’ ನನಗೆ ಒಂದೂವರೆ ವರ್ಷ ಹಿಡಿಯಿತು.

ಅಷ್ಟು ತಡವಾಗಲು ಒಂದು ತಪ್ಪು ತಿಳಿವಳಿಕೆ ಕಾರಣ. ಇದೆಲ್ಲ ಮನೋಬಲದ ಆಟ, ಗಟ್ಟಿಯಾಗಿ ಸಂಕಲ್ಪ ಮಾಡಿ ಮಲಗಿದರೆ ಆಗಿಬಿಡುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಲ್ಲು ಕಚ್ಚಿಕೊಂಡು ಮಲಗಿದೆ. ಬಂದದ್ದು ತಲೆನೋವು. ಆಮೇಲೆ ನಿಧಾನವಾಗಿ ಗೊತ್ತಾದದ್ದು, ಇದು ನೆನಪಿನ ಕೆಲಸ ಅಂತ. ನಿದ್ದೆಯೊಳಗೆ ಹೋದ ಮೇಲೆ ಒಂದೇ ಒಂದು ಸಂಗತಿ ನೆನಪಾಗಬೇಕು. ನಾನು ಇವತ್ತು ಹೇಳುವ ಎಲ್ಲ ಉಪಾಯಗಳೂ ಆ ಒಂದು ನೆನಪಿಗಾಗಿ ಕಟ್ಟಿದವು. ಕೇಳುವಾಗ ಇದನ್ನು ಹಿಡಿದುಕೊಂಡಿದ್ದರೆ ಯಾವುದು ಯಾಕೆ ಅನ್ನುವುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಹಿಂದಿನ ಸಾಲಿನಲ್ಲಿ ಒಂದಿಬ್ಬರ ಮುಖದಲ್ಲಿ ಅನುಮಾನ ಕಾಣುತ್ತಿದೆ. ಅರೆನಿದ್ದೆಯಲ್ಲಿ ಏನೋ ಅನಿಸಿದ್ದನ್ನು ಇವರು ಕನಸು ಅನ್ನುತ್ತಿದ್ದಾರೆ ಅಂತ ತಾನೆ? ವಿಜ್ಞಾನಿಗಳಿಗೂ ಬಹಳ ಕಾಲ ಇದೇ ಅನುಮಾನ ಇತ್ತು. ಮಲಗಿದವನು ‘ನನಗೆ ಕನಸಿನಲ್ಲಿ ಅರಿವಿತ್ತು’ ಅಂತ ಎದ್ದ ಮೇಲೆ ಹೇಳಿದರೆ ನಂಬುವುದು ಹೇಗೆ? ಒಳಗಿಂದಲೇ ಸಾಕ್ಷಿ ಬರಬೇಕಿತ್ತು. ಕನಸು ಹೆಚ್ಚಾಗಿ ಬೀಳುವುದು ರೆಮ್ ನಿದ್ದೆಯಲ್ಲಿ. ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆ ಸರಸರ ಓಡಾಡುವ ಈ ಹಂತವನ್ನು 1953ರಲ್ಲಿ ಶಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಗುರುತಿಸಿದರು. ಆ ಹೊತ್ತಿನಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲವಾಗಿ ಬಿದ್ದಿರುತ್ತವೆ, ಕೈಕಾಲು ಅಲುಗಾಡಿಸಲು ಆಗುವುದಿಲ್ಲ. ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಓಡದೆ ಇರುವುದು ಅದರಿಂದ. ಆದರೆ ಕಣ್ಣಿನ ಸ್ನಾಯುಗಳಿಗೆ ಈ ಕಟ್ಟು ಇಲ್ಲ. ಅಲ್ಲಿ ಒಂದು ಕಿಂಡಿ ಸಿಕ್ಕಿತು.

1975ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು ಆಲನ್ ವರ್ಸ್ಲಿ ಎಂಬುವರನ್ನು ಮಲಗಿಸಿ, ತಲೆಗೆ ತಂತಿ ಹಚ್ಚಿ, ಕಾಯುತ್ತ ಕೂತರು. ಕನಸಿನಲ್ಲಿ ಅರಿವು ಬಂದ ಕೂಡಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಎಂಟು ಸಲ ಹೊರಳಿಸಬೇಕು ಅಂತ ಮೊದಲೇ ಮಾತಾಗಿತ್ತು. ಬೆಳಗಿನ ಹೊತ್ತು ರೆಮ್ ನಿದ್ದೆಯ ಅಡ್ಡಾದಿಡ್ಡಿ ಗೀರುಗಳ ನಡುವೆ ಕಾಗದದ ಮೇಲೆ ಅಗಲವಾದ, ಒಂದೇ ಅಳತೆಯ ಅಲೆಗಳು ಮೂಡಿದವು. ಮಲಗಿದವರು ಒಳಗಿಂದ ಬಾಗಿಲು ತಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಹರ್ನ್ ಕೆಲಸದ ಸುದ್ದಿಯೇ ಇಲ್ಲದೆ ಅದೇ ಉಪಾಯದಿಂದ ಅದನ್ನೇ ತೋರಿಸಿದರು. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್‌ಲೆಂಡ್ಸ್‌ನ ನಾಲ್ಕು ಪ್ರಯೋಗಾಲಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಕನಸು ಕಾಣುತ್ತಿರುವವರಿಗೆ ಹೊರಗಿಂದ ಪ್ರಶ್ನೆ ಕೇಳಿದರು: ಎಂಟರಲ್ಲಿ ಆರು ಹೋದರೆ ಎಷ್ಟು? ನಿದ್ದೆಯಲ್ಲಿದ್ದವರ ಕಣ್ಣು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಹೊರಳಿತು. ಎರಡು. ಪ್ರತಿ ಸಲವೂ ಉತ್ತರ ಬರಲಿಲ್ಲ, ಬಂದದ್ದೆಲ್ಲ ಸರಿಯೂ ಇರಲಿಲ್ಲ. ಆದರೂ ಬಂತಲ್ಲ!

ಇನ್ನು ಕೆಲಸದ ಮಾತಿಗೆ ಬರೋಣ. ಮೊದಲು ಕನಸು ಇರುವ ಜಾಗ ಗೊತ್ತಿರಬೇಕು. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಮೊದಲ ಸುತ್ತಿನ ಕೊನೆಯಲ್ಲಿ ಬರುವ ರೆಮ್ ಕೆಲವೇ ನಿಮಿಷ. ರಾತ್ರಿ ಕಳೆದಂತೆ ಗಾಢ ನಿದ್ದೆ ಕರಗುತ್ತ ಹೋಗುತ್ತದೆ, ರೆಮ್ ಉದ್ದವಾಗುತ್ತದೆ. ಬೆಳಗಿನ ಜಾವದ ಹೊತ್ತಿಗೆ ಒಂದೊಂದು ಸಲಕ್ಕೆ ಅರ್ಧ ಗಂಟೆ, ಅದಕ್ಕಿಂತಲೂ ಹೆಚ್ಚು. ಎಂಟು ಗಂಟೆ ಮಲಗಬೇಕಾದವರು ಆರಕ್ಕೇ ಎದ್ದರೆ ನಿದ್ದೆಯಲ್ಲಿ ಕಾಲುಭಾಗ ಹೋಯಿತು, ಕನಸಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೋಯಿತು. ನಿದ್ದೆಗೆ ಸಮಯವಿಲ್ಲ, ಅರಿವಿನ ಕನಸು ಮಾತ್ರ ಬೇಕು ಅಂತ ಒಬ್ಬರು ನನ್ನ ಹತ್ತಿರ ಬಂದಿದ್ದರು. ಬಾವಿಗೆ ನೀರು ಬರಲಿ, ಆಮೇಲೆ ಹಗ್ಗದ ವಿಚಾರ ಅಂದೆ. ಮದ್ಯವೂ ಹಾಗೆಯೇ. ಕುಡಿದು ಮಲಗಿದರೆ ಬೇಗ ನಿದ್ದೆ ಹತ್ತಬಹುದು, ಆದರೆ ರಾತ್ರಿಯ ಮೊದಲ ಭಾಗದ ರೆಮ್ ಅನ್ನು ಅದು ತಿಂದುಹಾಕುತ್ತದೆ.

ಮೊದಲ ಸಾಧನ, ಒಂದು ನೋಟ್‌ಬುಕ್ಕು, ಒಂದು ಪೆನ್ನು. ಬಹಳ ಜನ ಇದನ್ನು ಕೇಳಿ ನಿರಾಶರಾಗುತ್ತಾರೆ, ಏನೋ ಗುಟ್ಟು ಹೇಳುತ್ತೇನೆ ಅಂತ ಬಂದಿರುತ್ತಾರೆ. ಆದರೆ ರಾತ್ರಿಯ ಒಂದು ಕನಸೂ ನೆನಪಿನಲ್ಲಿ ಉಳಿಯದವರಿಗೆ ಅರಿವಿನ ಕನಸು ಆಗಿದ್ದರೂ ಗೊತ್ತಾಗುವುದು ಹೇಗೆ? ಎದ್ದ ಎರಡು ನಿಮಿಷದಲ್ಲಿ ಅದೂ ಜಾರಿ ಹೋಗಿರುತ್ತದೆ. ನೆನಪನ್ನು ಅಚ್ಚೊತ್ತಲು ನೆರವಾಗುವ ನಾರ್‌ಅಡ್ರಿನಲಿನ್ ರೆಮ್ ನಿದ್ದೆಯಲ್ಲಿ ತೀರಾ ತಗ್ಗಿರುತ್ತದೆ. ಹಾಗಾಗಿ ಮರೆಯುವುದೇ ಸಹಜ, ಹಿಡಿದಿಡಲು ಪ್ರಯತ್ನ ಬೇಕು. ಫ್ರಾನ್ಸಿನ ಎರ್ವೆ ದ ಸಾಂ-ದೆನಿ ಹದಿಮೂರನೇ ವಯಸ್ಸಿನಿಂದಲೇ ಕನಸು ಬರೆದಿಡಲು ಶುರು ಮಾಡಿದವರು. 1867ರಲ್ಲಿ ಕನಸನ್ನು ನಡೆಸುವ ಬಗೆಯ ಮೇಲೆ ಪುಸ್ತಕ ಬರೆದರು. ಅವರಿಗೂ ಅರಿವು ಬಂದದ್ದು ಈ ಬರೆಯುವ ಅಭ್ಯಾಸದ ಹಿಂದೆಯೇ.

ಬರೆಯುವುದಕ್ಕೆ ಮುಂಚಿನ ಅರ್ಧ ನಿಮಿಷ ಮುಖ್ಯ. ಎಚ್ಚರವಾದ ತಕ್ಷಣ ಅಲುಗಾಡಬೇಡಿ. ಕಣ್ಣು ತೆರೆಯಬೇಡಿ, ಗಂಟೆ ಎಷ್ಟು ಅಂತ ನೋಡಬೇಡಿ, ಇವತ್ತು ಏನು ಕೆಲಸ ಅನ್ನುವುದನ್ನು ಒಳಗೆ ಬಿಡಬೇಡಿ. ಯಾವ ಮಗ್ಗುಲಲ್ಲಿ ಎಚ್ಚರವಾಯಿತೋ ಅದೇ ಮಗ್ಗುಲಲ್ಲಿ ಬಿದ್ದುಕೊಂಡು ‘ಈಗ ಎಲ್ಲಿದ್ದೆ?’ ಅಂತ ಕೇಳಿಕೊಳ್ಳಿ. ಬಾಲ ಸಿಗುತ್ತದೆ. ಒಂದು ಮುಖವೋ, ಬಣ್ಣವೋ, ಬರಿಯ ಒಂದು ಕಸಿವಿಸಿಯೋ. ಅದನ್ನು ಹಿಡಿದು ‘ಇದಕ್ಕೆ ಮುಂಚೆ ಏನಾಗಿತ್ತು, ಅದಕ್ಕೆ ಮುಂಚೆ?’ ಅಂತ ಹಿಂದಕ್ಕೆ ಎಳೆಯುತ್ತ ಹೋಗಿ. ಏನೂ ಸಿಗದಿದ್ದರೆ ನಿಧಾನವಾಗಿ ಇನ್ನೊಂದು ಮಗ್ಗುಲಿಗೆ ಹೊರಳಿ. ನನ್ನ ಅನುಭವದಲ್ಲಿ ಎಡಮಗ್ಗುಲಲ್ಲಿ ಕಂಡ ಕನಸು ಎಡಮಗ್ಗುಲಿಗೆ ತಿರುಗಿದಾಗ ಸಿಕ್ಕಿಬಿಡುತ್ತದೆ. ಆಮೇಲೆ ಬರೆಯಿರಿ, ಮೊದಲು ಬಿಡಿ ಪದಗಳಲ್ಲಿ. ನನ್ನ ಪುಸ್ತಕದ ಒಂದು ಪುಟ ಹೀಗಿದೆ: ‘ಮೆಟ್ಟಿಲು. ಒದ್ದೆ. ಕೆಳಗಿಂದ ಯಾರೋ ಹೆಸರು ಹಿಡಿದು ಕರೆದರು. ಹೋಗಬೇಕು, ಚಪ್ಪಲಿ ಇಲ್ಲ.’ ಅಷ್ಟೇ. ಸಂಜೆ ಓದಿದರೂ ಆ ಒದ್ದೆ ಅಂಗಾಲಿಗೆ ತಟ್ಟುತ್ತದೆ. ಏನೂ ನೆನಪಾಗದ ದಿನ ‘ಏನೂ ಇಲ್ಲ’ ಅಂತಲಾದರೂ ಬರೆಯಿರಿ, ಪುಟ ಖಾಲಿ ಬಿಡಬೇಡಿ. ಫೋನಿನಲ್ಲಿ ಬರೆಯಬಹುದೇ ಅಂತ ಕೇಳುತ್ತಾರೆ. ಬರೆಯಬಹುದು, ಆದರೆ ಆ ಬೆಳಕು ಮುಖಕ್ಕೆ ಬಡಿದು, ಬಂದಿರುವ ನಾಲ್ಕು ಮೆಸೇಜು ಕಂಡು, ಕನಸು ಹೋಯಿತು ಅಂತಲೇ ಲೆಕ್ಕ.

ಎರಡು ಮೂರು ವಾರ ಬರೆದ ಮೇಲೆ ಕೂತು ಓದಿ. ಆಗ ಒಂದು ತಮಾಷೆ ಕಾಣುತ್ತದೆ. ನಮ್ಮ ಕನಸುಗಳು ನಾವು ಅಂದುಕೊಂಡಷ್ಟು ಬಗೆಬಗೆಯವಲ್ಲ. ನನ್ನ ಮೊದಲ 60 ಕನಸುಗಳಲ್ಲಿ 11ರಲ್ಲಿ ಚಪ್ಪಲಿ ಕಳೆದುಹೋಗಿತ್ತು. ಎಲ್ಲಿಗೋ ಹೋಗಿರುತ್ತೇನೆ, ಹೊರಗೆ ಬರುತ್ತೇನೆ, ಬಿಟ್ಟಲ್ಲಿ ಚಪ್ಪಲಿ ಇಲ್ಲ. ಕೆಲವರಿಗೆ ಪರೀಕ್ಷೆ, ಕೆಲವರಿಗೆ ಎಂದೋ ಬಿಟ್ಟುಬಂದ ಮನೆ, ತೀರಿಹೋದವರು ಎದುರು ಕೂತು ಮಾತಾಡುವುದು, ಹಲ್ಲು ಉದುರುವುದು. ಇವುಗಳನ್ನು ಕನಸಿನ ಗುರುತು ಅನ್ನೋಣ. ಅರ್ಥ ಹುಡುಕಲು ಹೋಗಬೇಡಿ. ಚಪ್ಪಲಿ ಯಾಕೆ ಕಳೆಯಿತು ಅನ್ನುವುದು ಬೇರೆ ಉಪನ್ಯಾಸದ ವಿಷಯ, ಅದನ್ನು ಕೊಡುವವರು ಬಹಳ ಜನ ಇದ್ದಾರೆ. ನಮಗೆ ಬೇಕಾದದ್ದು ಇಷ್ಟು: ಚಪ್ಪಲಿ ಕಳೆದರೆ ಅದು ಕನಸಿರಬಹುದು.

ಗುರುತು ಸಿಕ್ಕಿದ ಮೇಲೆ ಅದಕ್ಕೆ ಒಂದು ಪ್ರಶ್ನೆ ಕಟ್ಟಬೇಕು. ರಿಯಾಲಿಟಿ ಚೆಕ್ ಅಂತ ನೀವು ಕೇಳಿರಬಹುದು. ಹಗಲಿನಲ್ಲಿ ಆಗಾಗ ನಿಂತು ‘ಇದು ಕನಸೇ?’ ಅಂತ ಕೇಳಿ ಒಂದು ಪರೀಕ್ಷೆ ಮಾಡುವುದು. ಹಗಲಿನ ರೂಢಿ ಒಂದು ದಿನ ಕನಸಿಗೂ ಹರಿದು ಬರುತ್ತದೆ ಅನ್ನುವ ಲೆಕ್ಕ. ಪರೀಕ್ಷೆಗಳಲ್ಲಿ ನನಗೆ ಹಿಡಿಸಿದ್ದು ಮೂಗು ಹಿಡಿಯುವುದು. ಬಾಯಿ ಮುಚ್ಚಿ, ಮೂಗು ಒತ್ತಿ ಹಿಡಿದು ಉಸಿರೆಳೆಯಿರಿ. ಎಚ್ಚರದಲ್ಲಿ ಆಗುವುದಿಲ್ಲ. ಕನಸಿನಲ್ಲಿ ಒತ್ತಿರುವುದು ಕನಸಿನ ಮೂಗು, ಹಾಸಿಗೆಯ ಮೇಲಿನ ಮೂಗು ತೆರೆದೇ ಇರುತ್ತದೆ, ಹಾಗಾಗಿ ಗಾಳಿ ಸರಾಗವಾಗಿ ಹೋಗುತ್ತದೆ. ಮೊದಲ ಸಲ ಅದು ಆದಾಗ ಮೈ ಜುಮ್ಮೆನ್ನುತ್ತದೆ. ಇನ್ನೊಂದು, ಯಾವುದಾದರೂ ಬರಹ ಓದಿ, ಕಣ್ಣು ಬೇರೆಡೆ ತಿರುಗಿಸಿ, ಮತ್ತೆ ಓದುವುದು. ಕನಸಿನ ಬರಹ ಎರಡನೆಯ ಸಲಕ್ಕೆ ಸಾಮಾನ್ಯವಾಗಿ ಹಾಗೆಯೇ ಇರುವುದಿಲ್ಲ. ಡಿಜಿಟಲ್ ಗಡಿಯಾರವೂ ಅಷ್ಟೇ.

ಬೆರಳು ಎಣಿಸುವುದನ್ನೂ ಕೆಲವರು ಹೇಳುತ್ತಾರೆ. ನನ್ನ ಪಾಡು ಕೇಳಿ. ಒಂದೂವರೆ ತಿಂಗಳು ದಿನಕ್ಕೆ ಇಪ್ಪತ್ತು ಸಲ ಬೆರಳು ಎಣಿಸಿದೆ. ಬಸ್ಸಿನಲ್ಲಿ, ಸಾಲಿನಲ್ಲಿ ನಿಂತಾಗ, ಯಾರೋ ಮಾತಾಡುತ್ತಿರುವಾಗ. ಒಂದು ರಾತ್ರಿ ಕನಸಿನಲ್ಲಿ ಕೈ ನೋಡಿಕೊಂಡೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ‘ಸರಿ, ಆರೂ ಇವೆ’ ಅಂದುಕೊಂಡು ಮುಂದೆ ನಡೆದೆ! ಎದ್ದ ಮೇಲೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದದ್ದು ಏನು? ನಾನು ಹಗಲಿನಲ್ಲಿ ಎಣಿಸುತ್ತಿದ್ದೆ, ಕೇಳುತ್ತಿರಲಿಲ್ಲ. ಕನಸಿಗೆ ಹೋದದ್ದೂ ಅದೇ, ಬರಿಯ ಎಣಿಕೆ. ತಾಳೆ ನೋಡಿ ಸಂಶಯಪಡುವ ಮಿದುಳಿನ ಮುಂಭಾಗ ರೆಮ್ ನಿದ್ದೆಯಲ್ಲಿ ಮಂದವಾಗಿರುತ್ತದೆ, ಆರು ಬೆರಳೂ ಅದಕ್ಕೆ ನಡೆಯುತ್ತದೆ. ಹಾಗಾಗಿ ದಿನಕ್ಕೆ ಇಪ್ಪತ್ತು ಬೇಡ, ಐದೇ ಮಾಡಿ. ಮಾಡುವಾಗ ನಿಜವಾಗಿ ಅನುಮಾನಪಡಿ. ನಾನು ಇಲ್ಲಿಗೆ ಬಂದದ್ದು ಹೇಗೆ? ಹತ್ತು ನಿಮಿಷದ ಹಿಂದೆ ಎಲ್ಲಿದ್ದೆ? ಈ ಮಾತುಗಳನ್ನು ಆಡುತ್ತಿರುವವರು ಯಾರು, ನಾನು ಯಾಕೆ ಕೇಳುತ್ತಿದ್ದೇನೆ? ಈಗಲೇ ಮಾಡಿ ನೋಡಿ, ನಾನು ಕಾಯುತ್ತೇನೆ. ಮೂಗು ಹಿಡಿಯಲು ನಾಚಿಕೆ ಬೇಡ, ಪಕ್ಕದವರೂ ಹಿಡಿಯುತ್ತಿದ್ದಾರೆ.

ಆಮೇಲೆ ನಾನು ಬೆರಳನ್ನು ಬಿಟ್ಟು ಚಪ್ಪಲಿಗೆ ಬಂದೆ. ಪ್ರತಿ ಸಲ ಚಪ್ಪಲಿ ಮೆಟ್ಟುವಾಗ ಒಂದು ಕ್ಷಣ ನಿಂತು, ‘ಇದು ನನ್ನದೇ? ಬಿಟ್ಟಲ್ಲೇ ಇತ್ತೇ? ಇದು ಕನಸೇ?’ ಅಂತ ಕೇಳಿ ಮೂಗು ಹಿಡಿಯುವುದು. ಮೂರನೆಯ ವಾರ ಒಂದು ಉದ್ದನೆಯ ಕಟ್ಟಡದಿಂದ ಹೊರಗೆ ಬಂದೆ, ಕೆಳಗೆ ನೋಡಿದೆ. ಎಡಗಾಲಿಗೆ ನನ್ನದೇ ಚಪ್ಪಲಿ ಇತ್ತು. ಬಲಗಾಲಿನ ಜಾಗದಲ್ಲಿ ಒಂದು ಮಗುವಿನ ಷೂ, ನೀಲಿ, ಲೇಸು ಬಿಚ್ಚಿಕೊಂಡದ್ದು. ಕೈ ತಾನಾಗಿ ಮೂಗಿಗೆ ಹೋಯಿತು. ಉಸಿರು ಆಡಿತು. ‘ಅರೆ!’ ಅಂದೆ. ಅಷ್ಟೇ, ಖುಷಿಗೆ ಎಚ್ಚರವಾಗಿಬಿಟ್ಟಿತು. ಒಟ್ಟು ಐದು ಸೆಕೆಂಡು ಇರಬಹುದು. ಮತ್ತೊಂದು ಬರಲು 40 ದಿನ ಕಾಯಬೇಕಾಯಿತು. ಆದರೆ ಆ ನೀಲಿ ಷೂ ಇವತ್ತಿಗೂ ಕಣ್ಣ ಮುಂದಿದೆ, ಲೇಸಿನ ತುದಿಯ ಪ್ಲಾಸ್ಟಿಕ್ಕು ಒಡೆದಿತ್ತು.

ಈಗ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಉಪಾಯ. ಲಬರ್ಜ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು ರೂಪಿಸಿದ್ದು. ಮೈಲ್ಡ್ ಅನ್ನುತ್ತಾರೆ, ಆದರೆ ಹೆಸರು ಮರೆತರೂ ಪರವಾಗಿಲ್ಲ. ಇದರ ಬುಡದಲ್ಲಿ ಇರುವುದು ನಾವು ದಿನವೂ ಬಳಸುವ ಒಂದು ಬಗೆಯ ನೆನಪು. ‘ಬರುವಾಗ ಔಷಧಿ ತರಬೇಕು’ ಅಂತ ಬೆಳಿಗ್ಗೆ ಅಂದುಕೊಳ್ಳುತ್ತೀರಿ. ದಿನವಿಡೀ ಅದನ್ನೇ ಜಪಿಸುವುದಿಲ್ಲ. ಸಂಜೆ ಔಷಧಿ ಅಂಗಡಿ ಕಣ್ಣಿಗೆ ಬಿದ್ದಾಗ ‘ಓ’ ಅಂತ ನೆನಪಾಗುತ್ತದೆ. ನೆನಪು ಅಂಗಡಿಯಲ್ಲಿ ಕೂತು ನಿಮಗಾಗಿ ಕಾದಿತ್ತು. ನಾವು ಮಾಡಬೇಕಾದದ್ದೂ ಅದನ್ನೇ, ನೆನಪನ್ನು ಕನಸಿನೊಳಗೆ ಒಯ್ದು ಕೂರಿಸಿ ಬರುವುದು. ನನಗೆ ಚಪ್ಪಲಿಯೇ ಆ ಔಷಧಿ ಅಂಗಡಿ.

ಮಲಗಿ ಸುಮಾರು ಐದು ಗಂಟೆ ಆದ ಮೇಲೆ ಏಳುವ ಹಾಗೆ ಅಲಾರಂ ಇಡಿ. ಮೆಲ್ಲಗಿನ ಸದ್ದು ಇರಲಿ, ಮನೆಯವರ ಶಾಪ ಬೇಡ. ಎದ್ದು ಆಗ ತಾನೆ ಬಿದ್ದ ಕನಸನ್ನು ನೆನಪಿಸಿಕೊಳ್ಳಿ, ಎರಡು ಸಾಲು ಬರೆಯಿರಿ. ಹಾಸಿಗೆ ಬಿಟ್ಟು ಹತ್ತು ನಿಮಿಷ, ನಿದ್ದೆ ತುಂಬಾ ಭಾರ ಅನಿಸಿದರೆ ಇಪ್ಪತ್ತು ನಿಮಿಷ ಕೂತಿರಿ. ಮಂದ ಬೆಳಕಿನಲ್ಲಿ ಹಳೆಯ ಕನಸುಗಳನ್ನು ಓದಿ. ಆಮೇಲೆ ಮಲಗಿ, ನಿದ್ದೆ ಹತ್ತುವವರೆಗೆ ಎರಡು ಕೆಲಸ ಮಾಡಿ. ಒಂದು, ಮನಸ್ಸಿನಲ್ಲೇ ಹೇಳಿಕೊಳ್ಳುವುದು: ‘ಮುಂದಿನ ಸಲ ಕನಸು ಕಾಣುವಾಗ, ಇದು ಕನಸು ಅಂತ ನನಗೆ ನೆನಪಾಗುತ್ತದೆ.’ ಎರಡು, ಈಗ ಬಿದ್ದ ಕನಸಿನೊಳಗೇ ಮತ್ತೆ ಹೋದ ಹಾಗೆ ಕಲ್ಪಿಸಿಕೊಳ್ಳುವುದು. ಗುರುತು ಎದುರಾಗುವ ಜಾಗಕ್ಕೆ ಬನ್ನಿ. ನಿಜದಲ್ಲಿ ಅಲ್ಲಿ ನೀವು ಗುರುತಿಸಿರಲಿಲ್ಲ, ಈಗ ಗುರುತಿಸಿ. ‘ಚಪ್ಪಲಿ ಇಲ್ಲ. ಓ, ಕನಸು’ ಅಂತ ಆ ಕಥೆಯನ್ನು ತಿದ್ದಿ. ಮತ್ತೆ ಮಾತು, ಮತ್ತೆ ಚಿತ್ರ. ಮನಸ್ಸು ನಾಳೆಯ ಕೆಲಸದ ಕಡೆ ಹೊರಟರೆ ಗದರದೆ ಕರೆದುಕೊಂಡು ಬನ್ನಿ. ನಿದ್ದೆಗೆ ಜಾರುವ ಕೊನೆಯ ಘಳಿಗೆ ತಲೆಯಲ್ಲಿ ಇದೇ ಇರಬೇಕು.

ಇಲ್ಲಿಯೂ ಬೆರಳೆಣಿಕೆಯ ಗತಿಯೇ ಆಗಬಹುದು, ಎಚ್ಚರ. ಆ ವಾಕ್ಯವನ್ನು ಮಗ್ಗಿ ಒಪ್ಪಿಸಿದ ಹಾಗೆ ನೂರು ಸಲ ಹೇಳಿದರೆ ಉಪಯೋಗವಿಲ್ಲ. ಹತ್ತು ಸಲ ಹೇಳಿ, ಹೇಳುವಾಗ ಅದರ ಅರ್ಥದ ಮೇಲೆ ಗಮನವಿರಲಿ.

ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಡೆನ್‌ಹಾಮ್ ಆಸ್ಪಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮೂರನ್ನೂ, ಅಂದರೆ ಹಗಲಿನ ಪರೀಕ್ಷೆ, ಮಲಗಿ ಐದು ಗಂಟೆ ಆದ ಮೇಲೆ ಏಳುವುದು, ಮೈಲ್ಡ್, ಒಂದು ವಾರ ಒಟ್ಟಿಗೆ ಮಾಡಿದವರಿಗೆ ಶೇ 17ರಷ್ಟು ಪ್ರಯತ್ನಗಳಲ್ಲಿ ಅರಿವು ಬಂತು. ಮೈಲ್ಡ್ ಮುಗಿಸಿದ ಐದು ನಿಮಿಷದೊಳಗೆ ನಿದ್ದೆ ಹೋದವರನ್ನಷ್ಟೇ ತೆಗೆದುಕೊಂಡರೆ ಅದು ಶೇ 46ರ ಹತ್ತಿರ ಹೋಯಿತು. ಈ ಎರಡನೆಯ ಅಂಕಿ ನನಗೆ ಬಹಳ ಪಾಠ ಕಲಿಸಿತು. ನಾನು ಮಧ್ಯರಾತ್ರಿ ಎದ್ದು ಒಂದು ಗಂಟೆ ಕೂತು, ಪೂರ್ತಿ ಎಚ್ಚರವಾಗಿ, ಆಮೇಲೆ ನಿದ್ದೆ ಬರದೆ ಹೊರಳಾಡುತ್ತಿದ್ದೆ. ನೆನಪು ಗಟ್ಟಿಯಾಗುವಷ್ಟು ಎಚ್ಚರ ಬೇಕು, ನಿದ್ದೆ ಓಡಿಹೋಗುವಷ್ಟು ಬೇಡ. ಆ ಹದ ಒಬ್ಬೊಬ್ಬರಿಗೆ ಒಂದೊಂದು. ನನಗೆ ಹನ್ನೆರಡು ನಿಮಿಷ ಸರಿಹೋಯಿತು. ನಿಮ್ಮದನ್ನು ನೀವೇ ಕಂಡುಕೊಳ್ಳಬೇಕು.

ಎಚ್ಚರದಿಂದ ನೇರವಾಗಿ ಕನಸಿಗೆ ಇಳಿಯುವ ಇನ್ನೊಂದು ದಾರಿ ಇದೆ. ವೈಲ್ಡ್ ಅನ್ನುತ್ತಾರೆ. ಮೈ ಮಲಗಲಿ, ಅರಿವು ಮಲಗದಿರಲಿ ಅಂತ ಉಸಿರು ಎಣಿಸುತ್ತ ಜೊಂಪಿನ ಅಂಚಿನಲ್ಲಿ ಕಾಯುವುದು. ರೆಪ್ಪೆಯಡಿ ಬಣ್ಣ, ಆಮೇಲೆ ಮುಖಗಳು, ಆಮೇಲೆ ಒಂದು ಜಾಗ ಮೂಡುತ್ತದೆ, ಒಳಗೆ ಹೆಜ್ಜೆ ಇಡುವುದು. ಕೇಳಲು ಸೊಗಸು, ಹೊಸಬರಿಗೆ ಕಷ್ಟ. ಬಹಳ ಸಲ ನಿದ್ದೆಯೂ ಇಲ್ಲ, ಕನಸೂ ಇಲ್ಲ. ದಾರಿಯಲ್ಲಿ ಸ್ಲೀಪ್ ಪ್ಯಾರಾಲಿಸಿಸ್ ಎದುರಾಗಬಹುದು. ಎಚ್ಚರ ಇದ್ದೂ ಮೈ ಅಲುಗದು, ಎದೆಯ ಮೇಲೆ ಭಾರ, ಕೋಣೆಯಲ್ಲಿ ಯಾರೋ ಇದ್ದ ಹಾಗೆ. ಆಗಲೇ ಹೇಳಿದೆನಲ್ಲ, ರೆಮ್‌ನ ಆ ಸ್ನಾಯುಗಳ ಕಟ್ಟು, ಅದು ಬಿಚ್ಚುವ ಮೊದಲೇ ಅರಿವು ಮರಳಿದ್ದು ಇದು. ಅಪಾಯವಿಲ್ಲ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಬಿಡುತ್ತದೆ. ಆದರೆ ಗೊತ್ತಿಲ್ಲದವರಿಗೆ ಭಯಂಕರ. ಮೊದಲ ಆರು ತಿಂಗಳು ಈ ದಾರಿ ಬೇಡ ಅನ್ನುವುದು ನನ್ನ ಸಲಹೆ.

ಒಳಗೆ ಹೋದ ಮೇಲೆ ಏನು? ನನ್ನ ನೀಲಿ ಷೂ ಕನಸು ಯಾಕೆ ಒಡೆಯಿತೋ ಹೊಸಬರ ಕನಸು ಒಡೆಯುವುದೂ ಅದಕ್ಕೇ, ಸಂಭ್ರಮಕ್ಕೆ. ‘ಇದು ಕನಸು’ ಅಂತ ಗೊತ್ತಾದ ಕೂಡಲೇ ಹಾರಬೇಡಿ, ಕೂಗಬೇಡಿ. ಎರಡೂ ಅಂಗೈಗಳನ್ನು ಒಂದಕ್ಕೊಂದು ಜೋರಾಗಿ ಉಜ್ಜಿ. ಉಜ್ಜಿದ ಬಿಸಿ ಕೈಗೆ ಹತ್ತುತ್ತದೆ. ಗೋಡೆ ಮುಟ್ಟಿ, ಅದರ ಒರಟು ನೋಡಿ. ಕನಸಿನ ಮೈಯಲ್ಲಿ ಗಮನ ತುಂಬಿದಷ್ಟೂ ಹಾಸಿಗೆಯ ಮೈ ದೂರ ಸರಿಯುತ್ತದೆ. ದೃಶ್ಯ ಮಸುಕಾಗತೊಡಗಿದರೆ ನಿಂತಲ್ಲೇ ಬುಗುರಿಯ ಹಾಗೆ ಸುತ್ತಿ. ಇದೂ ಲಬರ್ಜ್ ಹೇಳಿಕೊಟ್ಟ ಉಪಾಯ. ಸುತ್ತು ನಿಲ್ಲುವಾಗ ಸಾಮಾನ್ಯವಾಗಿ ಹೊಸ ಜಾಗದಲ್ಲಿ ಇರುತ್ತೀರಿ. ಒಂದೇ ವಸ್ತುವನ್ನು ದಿಟ್ಟಿಸಬೇಡಿ, ಕಣ್ಣು ಮುಚ್ಚಬೇಡಿ. ಕನಸಿನ ಕಣ್ಣು ಮುಚ್ಚಿದರೆ ಹಾಸಿಗೆಯ ಕಣ್ಣು ತೆರೆಯುತ್ತದೆ, ನನಗೆ ಎರಡು ಸಲ ಆಗಿದೆ.

ಹಾರುವ ಆಸೆ ಎಲ್ಲರಿಗೂ. ನನ್ನ ಮೊದಲ ಹಾರಾಟ ಮೊಣಕಾಲೆತ್ತರಕ್ಕೆ ಏರಿ, ಒಣಗಲು ಹಾಕಿದ ಬಟ್ಟೆಯ ಹಾಗೆ ಅಲ್ಲೇ ತೂಗಾಡಿತು. ಕೆಳಗೆ ಇಬ್ಬರು ನಿಂತು ನೋಡುತ್ತಿದ್ದರು, ಅವರಿಗೂ ಇದೇನೂ ದೊಡ್ಡ ವಿಷಯ ಅನಿಸಿದ ಹಾಗೆ ಕಾಣಲಿಲ್ಲ. ಅರಿವು ಬಂದ ಮಾತ್ರಕ್ಕೆ ಹತೋಟಿ ಬರುವುದಿಲ್ಲ, ಇವೆರಡನ್ನೂ ಒಂದೇ ಅಂದುಕೊಂಡವರು ಬೇಗ ಬೇಸರಪಟ್ಟುಕೊಳ್ಳುತ್ತಾರೆ. ಒಂದೇ ಒಂದು ಸಣ್ಣ ಕೆಲಸ ಮೊದಲೇ ನಿರ್ಧರಿಸಿ ಹೋಗಿ. ಒಂದು ಬಾಗಿಲು ತೆರೆದು ಹಿಂದೆ ಏನಿದೆ ನೋಡುವುದು. ಎದುರಿಗೆ ಬಂದವರನ್ನು ‘ನೀವು ಯಾರು?’ ಅಂತ ಕೇಳುವುದು. ಹತ್ತರವರೆಗೆ ಎಣಿಸುವುದು. ಕನಸಿನಲ್ಲಿ ಎಣಿಸಲು ಹಿಡಿಯುವ ಹೊತ್ತು ಎಚ್ಚರದ ಹೊತ್ತಿನಷ್ಟೇ ಅಂತ ಕಣ್ಣಿನ ಸನ್ನೆ ಇಟ್ಟು ಅಳೆದು ತೋರಿಸಿದ್ದಾರೆ. ಕ್ಷಣದಲ್ಲಿ ಒಂದು ಜೀವಮಾನ ಕಳೆಯಿತು ಅನ್ನುವುದು ಕಥೆಗಳಿಗೆ ಚೆನ್ನ.

ಅಟ್ಟಿಸಿಕೊಂಡು ಬರುವ ದುಃಸ್ವಪ್ನ ಇರುವವರಿಗೆ ಇದರಿಂದ ನಿಜವಾದ ಉಪಕಾರ ಇದೆ. ನನಗೆ ಗೊತ್ತಿರುವ ಒಬ್ಬರಿಗೆ ವರ್ಷಗಟ್ಟಲೆ ಒಂದೇ ಕನಸು. ಕತ್ತಲ ಓಣಿ, ಹಿಂದೆ ಹೆಜ್ಜೆಯ ಸದ್ದು. ಅವರಿಗೆ ಹೇಳಿಕೊಟ್ಟದ್ದು ಇಷ್ಟೇ, ಹೆಜ್ಜೆ ಕೇಳಿಸಿದರೆ ಅದೇ ಗುರುತು, ನಿಂತು ತಿರುಗಿ ನೋಡಿ. ಎರಡು ತಿಂಗಳಾದ ಮೇಲೆ ಒಂದು ರಾತ್ರಿ ತಿರುಗಿದರಂತೆ. ಹಿಂದೆ ಯಾರೂ ಇರಲಿಲ್ಲ. ಒಂದು ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಹೋಗಿ ಹಾಕಿ ಬಂದೆ ಅಂದರು. ಆದರೆ ದೊಡ್ಡ ಆಘಾತದ ನೆನಪು ಮರಳಿ ಮರಳಿ ಬರುತ್ತಿದ್ದರೆ ಅದನ್ನು ಒಬ್ಬರೇ ಹೀಗೆ ಕೆದಕಲು ಹೋಗಬೇಡಿ, ತಿಳಿದ ವೈದ್ಯರು ಜೊತೆಯಲ್ಲಿರಲಿ. ಯಾವುದು ನಿಜ, ಯಾವುದು ಭ್ರಮೆ ಅನ್ನುವ ಗೆರೆ ಹಗಲಿನಲ್ಲೇ ಅಳಿಸಿಹೋಗುವ ಕಾಯಿಲೆ ಇದ್ದವರು ಇದಕ್ಕೆ ಕೈ ಹಾಕಲೇಬಾರದು. ‘ಇದು ಕನಸೇ?’ ಅನ್ನುವ ಪ್ರಶ್ನೆ ಎಲ್ಲರಿಗೂ ಆಟವಲ್ಲ. ಕಣ್ಣಿಗೆ ಕಟ್ಟುವ ಮಿಂಚುವ ಪಟ್ಟಿಗಳು, ಮಾತ್ರೆಗಳು ಇವೆಯಲ್ಲ ಅಂತ ಕೇಳುತ್ತಾರೆ. ಗ್ಯಾಲಂಟಮೈನ್ ಎಂಬ ಮರೆವಿನ ಕಾಯಿಲೆಯ ಔಷಧಿ ಕೊಟ್ಟಾಗ ಅರಿವಿನ ಕನಸು ಹೆಚ್ಚಿತು ಅಂತ 2018ರಲ್ಲಿ ಲಬರ್ಜ್ ಮತ್ತು ಸಂಗಡಿಗರು ಪ್ರಕಟಿಸಿದ್ದು ಹೌದು. ಅದು ವೈದ್ಯರು ಕೊಡುವ ಔಷಧಿ. ಕನಸಿಗಾಗಿ ನಾನಂತೂ ನುಂಗುವುದಿಲ್ಲ.

ಸುಳ್ಳು ಎಚ್ಚರದ ಬಗ್ಗೆ ಹೇಳದಿದ್ದರೆ ನಾಳೆ ನೀವು ನನ್ನನ್ನು ಬೈಯುತ್ತೀರಿ. ಒಮ್ಮೆ ಬಹಳ ಚೆನ್ನಾದ ಅರಿವಿನ ಕನಸು ಕಂಡು ಎದ್ದೆ. ದೀಪ ಹಚ್ಚಿ ಪುಸ್ತಕ ತೆಗೆದು ಎರಡು ಪುಟ ಬರೆದೆ. ಅಕ್ಷರ ಕೂಡ ಯಾವತ್ತಿಗಿಂತ ಮುದ್ದಾಗಿ ಬರುತ್ತಿತ್ತು, ಅಲ್ಲೇ ಅನುಮಾನ ಬರಬೇಕಿತ್ತು. ಆಮೇಲೆ ನಿಜವಾಗಿ ಎಚ್ಚರವಾಯಿತು. ಪುಟ ಖಾಲಿ. ಬೇಸರದಿಂದ ಮತ್ತೆ ಬರೆಯಲು ಕೂತೆ, ಅರ್ಧ ಪುಟ ಬರೆದೆ. ಅದೂ ಕನಸು. ಮೂರನೆಯ ಸಲ ಎದ್ದಾಗ ಬರೆಯಲು ಉಳಿದಿದ್ದದ್ದು ‘ಎರಡು ಸಲ ಬರೆದೆ’ ಅನ್ನುವುದೊಂದೇ. ಅಂದಿನಿಂದ ಎದ್ದ ಕೂಡಲೇ ಮೂಗು ಹಿಡಿಯುತ್ತೇನೆ, ಆಮೇಲೆ ಪೆನ್ನು ಹಿಡಿಯುತ್ತೇನೆ. ಮೋಸ ಅನಿಸಿದರೂ ಅದು ಒಳ್ಳೆಯ ಅವಕಾಶ. ಎದ್ದೆ ಅಂದುಕೊಂಡು ಪರೀಕ್ಷೆ ಮಾಡಿ ಅರಿವಿಗೆ ಬಂದದ್ದು ನನಗೆ ಐದಾರು ಸಲ ಇದೆ.

ಎಷ್ಟು ದಿನಕ್ಕೆ ಬರುತ್ತದೆ ಅಂತ ಕೇಳುವಿರಿ. ಲೂಸಿಡ್ ಡ್ರೀಮ್ ಅನ್ನುವ ಹೆಸರು ಪ್ರಚಾರಕ್ಕೆ ಬಂದದ್ದು ಡಚ್ ಮನೋವೈದ್ಯ ಮತ್ತು ಲೇಖಕ ಫ್ರೆಡರಿಕ್ ಫಾನ್ ಏಡನ್ 1913ರಲ್ಲಿ ಬರೆದ ಲೇಖನದಿಂದ. ಅವರು 1898ರಿಂದ 1912ರವರೆಗೆ ಗುರುತು ಹಾಕಿಟ್ಟ ಅರಿವಿನ ಕನಸುಗಳು 352. ತಿಂಗಳಿಗೆ ಎರಡು ಅಂತಿಟ್ಟುಕೊಳ್ಳಿ. ಹೆಸರು ಊರಿಗೆಲ್ಲ ತಿಳಿಸಿದವರಿಗೇ ಅಷ್ಟು. ನನಗೆ ಈಗ ಒಳ್ಳೆಯ ತಿಂಗಳಲ್ಲಿ ನಾಲ್ಕು, ಕೆಲಸದ ಒತ್ತಡ ಇದ್ದರೆ ಸೊನ್ನೆ.

ಹಾಗಾಗಿ ಇವತ್ತು ರಾತ್ರಿ ಅಲಾರಂ ಇಡಬೇಡಿ. ಮೊದಲ ಎರಡು ವಾರ ಪುಸ್ತಕ ಮಾತ್ರ, ಎದ್ದಾಗ ಅಲುಗಾಡದೆ ಬಾಲ ಹಿಡಿಯುವುದು ಮಾತ್ರ. ದಿನಕ್ಕೆ ಒಂದು ಕನಸು ಸಿಗತೊಡಗಿದ ಮೇಲೆ ಗುರುತು ಹುಡುಕಿ ಪ್ರಶ್ನೆ ಕಟ್ಟಿ. ಅಲಾರಂ ಆಮೇಲೆ, ಅದೂ ವಾರಕ್ಕೆ ಒಂದೋ ಎರಡೋ ರಾತ್ರಿ, ಮರುದಿನ ತಡವಾಗಿ ಎದ್ದರೂ ನಡೆಯುವ ಹಾಗಿದ್ದಾಗ. ಮತ್ತೆ, ಹೊರಗೆ ಹೋಗುವಾಗ ನಿಮ್ಮ ಚಪ್ಪಲಿ ಬಿಟ್ಟಲ್ಲೇ ಇದೆಯೇ ನೋಡಿಕೊಳ್ಳಿ.